ಅಜ್ಜಿಯ ಸರಸ್ವತಿ ನಕಲಲ್ಲ

"ಇದು ಕ್ಯಾಲೆಂಡರ್ ಚಿತ್ರದ ಮೂಲ, ಅಷ್ಟೇ ಮಾರಾಯ. ಇದನ್ನು ನೋಡಿ ನಿನಗೆ ಅಜ್ಜಿ ನೆನಪಾದರೆ ಅದು ನಿನ್ನ ಅಜ್ಜಿಯ ವಿಷಯ, ಕಲೆಯ ವಿಷಯ ಅಲ್ಲ."

ಹೀಗಂದವನು ಅಹಮದಾಬಾದಿನಲ್ಲಿರುವ ನನ್ನ ಗೆಳೆಯ. ನಮ್ಮ ಸಾಗರದ ಕಡೆಯವನೇ, ಚಿತ್ರಕಲೆ ಓದಿಕೊಂಡವನು. ನಾನು ಸೂರತ್‌ನಲ್ಲಿ ಜರಿ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುವವನು. ಇಬ್ಬರೂ ನಡುದಾರಿಯ ವಡೋದರಾದಲ್ಲಿ ಸೇರಿ, ಲಕ್ಷ್ಮೀವಿಲಾಸ ಅರಮನೆಯ ಆವರಣದ ಮಹಾರಾಜಾ ಫತೇಸಿಂಗ್ ಮ್ಯೂಸಿಯಂಗೆ ಹೋಗಿದ್ದೆವು. ಎದುರಿಗಿದ್ದದ್ದು ರಾಜಾ ರವಿವರ್ಮ 1896ರಲ್ಲಿ ಬರೆದ ಸರಸ್ವತಿ. ಆವತ್ತು ನನಗೆ ಬಾಯಿ ಬರಲಿಲ್ಲ. ಇವತ್ತು ಉತ್ತರ ಹೇಳುತ್ತೇನೆ.

ನಮ್ಮ ದೇವರಮನೆಯಲ್ಲಿ ಇದ್ದವಳು ಇವಳೇ. ಅದೇ ವೀಣೆ, ಅದೇ ನವಿಲು. ಅಜ್ಜಿ ತನ್ನ ಹರಿದ ಮದುವೆ ಸೀರೆಯ ಜರಿಯನ್ನು ಕತ್ತರಿಸಿ, ಚಿತ್ರದ ಸೀರೆಯಂಚಿಗೆ ಅಂಟಿಸಿ, ಮೇಲೆ ಗಾಜು ಹಾಕಿಸಿದ್ದಳು. ಗಾಜಿನ ಕೆಳಭಾಗದಲ್ಲಿ ದಿನಾ ಇಟ್ಟ ಕುಂಕುಮ ಗಟ್ಟಿಯಾಗಿ ಕೂತಿತ್ತು. ನವರಾತ್ರಿಯ ಮೂಲಾ ನಕ್ಷತ್ರದ ದಿನ ನಮ್ಮ ಪುಸ್ತಕಗಳೆಲ್ಲ ಅವಳ ಮುಂದೆ. ಓದಬೇಕಾಗಿಲ್ಲ ಅನ್ನುವ ಖುಷಿಗಾದರೂ ನಾವು ಮನಸಾರೆ ಕೈಮುಗಿಯುತ್ತಿದ್ದೆವು.

ಕಲೆ ಬಲ್ಲವರು ಇದನ್ನೆಲ್ಲ ಭಾವುಕತೆ ಅನ್ನುತ್ತಾರೆ. ಬೆಳಕು ನೋಡು, ಎಣ್ಣೆಬಣ್ಣದ ಕೆಲಸ ನೋಡು, ಯುರೋಪಿನಿಂದ ಏನು ತಗೊಂಡ ನೋಡು ಅನ್ನುತ್ತಾರೆ. ನೋಡೋಣ, ಬೇಡ ಅಂದವರು ಯಾರು? ಆದರೆ ಒಂದು ಮಾತು. ಬರೋಡೆಯ ದಿವಾನರಾಗಿದ್ದ ಟಿ. ಮಾಧವರಾಯರು ಈ ಚಿತ್ರಗಳನ್ನು ಅಚ್ಚು ಹಾಕಿಸಿ ಎಂದು ರವಿವರ್ಮನಿಗೆ ಸಲಹೆ ಕೊಟ್ಟಿದ್ದರು. 1894ರಲ್ಲಿ ಆತ ಮುಂಬಯಿಯಲ್ಲಿ ಅಚ್ಚುಕೂಟ ತೆರೆದೂಬಿಟ್ಟ. ಅರಮನೆಯ ಗೋಡೆಯಿಂದ ಚಿತ್ರವನ್ನು ಇಳಿಸಿ ಅಡುಗೆಮನೆ ಪಕ್ಕದ ಗೋಡೆಗೆ ಕಳಿಸಿದವನು ಚಿತ್ರಕಾರನೇ. ಹಾಗೆ ಮನೆಯೊಳಗೆ ಬಂದ ಚಿತ್ರಕ್ಕೆ ಮನೆಯವರು ಅರ್ಥ ಕೂಡಿಸಬಾರದು ಅಂದರೆ ಹೇಗೆ? ಮಗಳನ್ನು ಮದುವೆ ಮಾಡಿ ಕೊಟ್ಟು, ಆ ಮನೆಯ ನೀರು ಕುಡಿಯಬೇಡ ಅಂದ ಹಾಗಾಯಿತು!

ಹಾಗಂತ ಯಾರಿಗೆ ಏನು ತೋಚಿದರೂ ಸರಿ ಅನ್ನುವವನು ನಾನಲ್ಲ. ಚಿತ್ರದ ಮುಂದೆ ಕಣ್ಣುಮುಚ್ಚಿ "ಅಜ್ಜೀ" ಅಂತ ಮೂಗು ಒರೆಸಿಕೊಂಡು ಹೊರಟಿದ್ದರೆ ಗೆಳೆಯನದೇ ಸರಿ ಆಗುತ್ತಿತ್ತು. ನಾನು ಅರ್ಧ ಗಂಟೆ ನಿಂತು ನೋಡಿದೆ. ಆಗ ಕಂಡಿತು: ಸರಸ್ವತಿ ಕೂತಿರುವುದು ಬಂಡೆಯ ಮೇಲೆ. ನಮ್ಮನೆಯಲ್ಲಿ ಆ ಬಂಡೆಯನ್ನು ಕುಂಕುಮ ಮುಚ್ಚಿತ್ತು. ಅವಳು ಸಿಂಹಾಸನದ ಮೇಲಿದ್ದಾಳೆ ಅಂತಲೇ ನಾನು ತಿಳಿದಿದ್ದೆ. ಗುಡಿಯಿಲ್ಲ, ಮಂಟಪವಿಲ್ಲ, ತಲೆ ಮೇಲೆ ಸೂರಿಲ್ಲ. ಬಯಲಲ್ಲಿ ಕೂತು ತನ್ನ ಪಾಡಿಗೆ ವೀಣೆ ನುಡಿಸುತ್ತಿದ್ದಾಳೆ. ಸೂರತ್‌ನಲ್ಲಿ ಇಪ್ಪತ್ತು ವರ್ಷದಲ್ಲಿ ಏಳು ಬಾಡಿಗೆ ಮನೆ ಬದಲಿಸಿದವನಿಗೆ ಅದು ಎಲ್ಲಿ ತಾಗಿರಬಹುದು, ಹೇಳಿ. ಈ ಅರ್ಥ ರವಿವರ್ಮನ ಮನಸ್ಸಿನಲ್ಲಿತ್ತೋ ಇಲ್ಲವೋ, ಅಜ್ಜಿಯದಂತೂ ಅಲ್ಲ. ಇದು ನನ್ನದು. ಆದರೆ ಅಜ್ಜಿಯ ಪ್ರಿಂಟು ಇಲ್ಲದಿದ್ದರೆ ನಾನು ಆ ಕ್ಯಾನ್ವಾಸಿನ ಮುಂದೆ ಅರ್ಧ ಗಂಟೆ ನಿಲ್ಲುತ್ತಲೇ ಇರಲಿಲ್ಲ.

ಗೆಳೆಯನಿಗೆ ಆವತ್ತು ಉತ್ತರ ಕೊಡಲಾಗದ್ದಕ್ಕೆ ಬೇರೆ ಕಾರಣವಿತ್ತು. ಅಜ್ಜಿ ಹೋದ ಮೇಲೆ ಮನೆ ಮಾರಿದೆವು. ಹಿತ್ತಾಳೆ ಪಾತ್ರೆಗಳನ್ನು ಅಣ್ಣತಮ್ಮಂದಿರು ತೂಕ ಹಾಕಿ ಹಂಚಿಕೊಂಡೆವು. ಪಟವನ್ನು ಯಾರೂ ಕೇಳಲಿಲ್ಲ. "ನೀನು ತಗೊಂಡು ಹೋಗೋ" ಅಂದಳು ಅಮ್ಮ. "ರೈಲಿನಲ್ಲಿ ಗಾಜು ಒಡೆದೀತಮ್ಮ. ಪ್ರಿಂಟ್ ತಾನೆ, ಬೇಕಾದ್ರೆ ಅಲ್ಲೇ ಇನ್ನೊಂದು ಸಿಗುತ್ತೆ" ಅಂದೆ. ನನ್ನ ಕೈಯಾರೆ ಊರ ಅರಳಿಕಟ್ಟೆಗೆ ಒರಗಿಸಿ ಬಸ್ಸು ಹತ್ತಿದೆ. ಮಳೆಗಾಲ ಶುರುವಾಗಿತ್ತು.

ಅಂದರೆ ಗೆಳೆಯ ಆಡಿದ ಮಾತನ್ನು ಅವನಿಗಿಂತ ಮುಂಚೆ ಆಡಿದವನು ನಾನು. ಅವನದು ಓದಿದವನ ಅಹಂಕಾರ. ನನ್ನದು ಊರು ಬಿಟ್ಟವನ ಅವಸರ. ಇನ್ನೊಂದು ಸಿಗುತ್ತೆ ಅಂದೆನಲ್ಲ, ಪ್ರಿಂಟು ಸಿಗುತ್ತದೆ ನಿಜ. ಆ ಜರಿ ಎಲ್ಲಿ ಸಿಗುತ್ತದೆ? ದಿನಾ ಜರಿಯ ಲೆಕ್ಕ ಬರೆಯುವ ನನಗೇ ಗೊತ್ತಿಲ್ಲ.

ಊರಲ್ಲಿರುವವರೇ, ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲೂ ರವಿವರ್ಮನ ಚಿತ್ರಗಳಿವೆ. ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ, ನಿಧಾನವಾಗಿ ನೋಡಿ. ಆದರೆ ಅದಕ್ಕೂ ಮೊದಲು ನಿಮ್ಮ ದೇವರಮನೆಯ ಪಟವನ್ನು ಒಂದು ಸಲ ಕೆಳಗಿಳಿಸಿ, ಗಾಜು ಒರೆಸಿ ನೋಡಿ. ಕಲೆ ಬಲ್ಲವರು ಅದನ್ನು ನಕಲು ಅಂದರೆ ನಂಬಬೇಡಿ. ರೈಲಿನ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತ ಮಗ ಅಂದರಂತೂ ನಂಬಲೇಬೇಡಿ. ಹಳೇ ಬಟ್ಟೆಯಲ್ಲಿ ಸುತ್ತಿ, ಅವನ ಕೈಗೇ ಕೊಟ್ಟು ಕಳಿಸಿ. ಗಾಜು ಒಡೆದರೆ ಒಡೆಯಲಿ, ಹೊಸದು ಹಾಕಿಸಬಹುದು.