ಹಲಾಲ್ ಎಂದರೆ ಸಾಕೆ? ತಯ್ಯಿಬ್ ಎಲ್ಲಿ ಹೋಯಿತು?

ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಂಕೇತ ಸಂಖ್ಯೆಗಳಲ್ಲಿ ಹಂದಿಯ ಕೊಬ್ಬು ಅಡಗಿದೆಯೇ ಎಂದು ನಾವು ವಾಟ್ಸ್‌ಆ್ಯಪ್‌ನಲ್ಲಿ ರಾತ್ರಿಯಿಡೀ ಚರ್ಚಿಸುತ್ತೇವೆ. ಚರ್ಚಿಸಬೇಕಾದದ್ದೇ. ಆದರೆ ಅದೇ ಮನೆಯ ಅಡುಗೆಗೆ ಬೀಳುವ ಅರಸಿನಕ್ಕೆ ಅಷ್ಟೊಂದು ಹೊಳಪು ಎಲ್ಲಿಂದ ಬಂತು ಎಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ? ಪವಿತ್ರ ಕುರ್‌ಆನ್ ಅಲ್ ಬಕರಃ ಅಧ್ಯಾಯದ 168ನೇ ಸೂಕ್ತದಲ್ಲಿ ಆಹಾರದ ಕುರಿತು ಸಕಲ ಮಾನವರನ್ನು ಸಂಬೋಧಿಸುವಾಗ ಹಲಾಲ್ ಎಂಬ ಪದದ ಪಕ್ಕದಲ್ಲೇ ತಯ್ಯಿಬ್ ಎಂಬ ಪದವನ್ನೂ ಇರಿಸಿದೆ. ನಾವು ಮೊದಲನೆಯದನ್ನು ಅಂಗಡಿಯ ಫಲಕಕ್ಕೆ ಏರಿಸಿ, ಎರಡನೆಯದನ್ನು ಕೈಬಿಟ್ಟೆವು.

ಕೈಬಿಟ್ಟುದರ ಬೆಲೆ ಏನೆಂಬುದನ್ನು ಬಾಂಗ್ಲಾದೇಶ ಕಂಡಿದೆ. 1980ರ ದಶಕದ ನೆರೆಯಲ್ಲಿ ನೆನೆದು ಬಣ್ಣಗೆಟ್ಟ ಅರಸಿನದ ಕೊಂಬುಗಳನ್ನು ಹೇಗಾದರೂ ಮಾರಬೇಕೆಂದು ಅವುಗಳಿಗೆ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬಳಿಯುವ ಚಾಳಿ ಅಲ್ಲಿ ಆರಂಭವಾಯಿತು. ಅದು ಸೀಸ ಬೆರೆತ ಬಣ್ಣ. ನೆರೆ ಇಳಿಯಿತು, ಚಾಳಿ ಉಳಿಯಿತು. ಹಳ್ಳಿಯ ಗರ್ಭಿಣಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಿದೆ ಎಂದು ಹುಡುಕಹೊರಟ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಗೂ ಢಾಕಾದ ಸಂಶೋಧಕರು ಕೊನೆಗೆ ಬಂದು ನಿಂತದ್ದು ಅವರ ಸಾರಿನ ಪಾತ್ರೆಯ ಮುಂದೆ. ಮಾರಿದವರಲ್ಲೂ ಕೊಂಡವರಲ್ಲೂ ಬಹುಪಾಲು ಮುಸ್ಲಿಮರು. ಬಿಸ್ಮಿಲ್ಲಾ ಹೇಳಿಯೇ ಉಂಡರು.

ಈ ಸೀಸ ಮಿದುಳಿಗೆ ಮಾಡುವುದೇನು? ದೇಹವು ಅದನ್ನು ಸುಣ್ಣದಂಶವೆಂದು, ಅಂದರೆ ಕ್ಯಾಲ್ಸಿಯಂ ಎಂದು ಭ್ರಮಿಸುತ್ತದೆ. ಆ ವೇಷದಲ್ಲೇ ಅದು ರಕ್ತದಿಂದ ಮಿದುಳಿನೊಳಗೆ ನುಸುಳಿ, ನರಕೋಶಗಳು ಪರಸ್ಪರ ಸಂದೇಶ ಕಳುಹಿಸುವ ಜಾಗದಲ್ಲಿ ಅಡ್ಡ ಕೂರುತ್ತದೆ. ಕಲಿಕೆ, ನೆನಪು, ಸಿಟ್ಟಿನ ಹತೋಟಿ ಎಲ್ಲವೂ ಕುಗ್ಗುತ್ತವೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೆ ಎಳೆಯ ಮಗುವಿನ ದೇಹ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಉಳಿದುದು ಎಲುಬಿನಲ್ಲಿ ವರ್ಷಗಟ್ಟಲೆ ಅವಿತಿದ್ದು, ಹೆಣ್ಣುಮಗಳು ಗರ್ಭಿಣಿಯಾದಾಗ ಕರಗಿ ಭ್ರೂಣಕ್ಕೂ ತಲುಪುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎಂಬ ಗೆರೆಯೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮದ್ಯವೇಕೆ ಹರಾಮ್ ಎಂದು ಮದ್ರಸದ ಪುಟ್ಟ ಮಗುವನ್ನು ಕೇಳಿದರೂ ಅದು ಬುದ್ಧಿಯನ್ನು ಮುಚ್ಚುತ್ತದೆ ಎಂದು ಉತ್ತರಿಸುತ್ತದೆ. ಶರೀಅತ್ ಕಾಪಾಡಬಯಸುವ ಐದು ಸಂಗತಿಗಳಲ್ಲಿ ಬುದ್ಧಿಯೂ ಒಂದೆಂದು ಇಮಾಮ್ ಗಝಾಲಿಯವರು ಎಣಿಸಿದ್ದಾರೆ. ಮದ್ಯದ ಅಮಲು ಬೆಳಗಾಗುವಷ್ಟರಲ್ಲಿ ಇಳಿದೀತು. ಎಳವೆಯಲ್ಲಿ ಸೀಸ ಕಸಿದುಕೊಂಡ ಬುದ್ಧಿ ಮರಳುವುದಿಲ್ಲ. ಹಾಗಿದ್ದೂ ಮದ್ಯದ ಮೇಲೆ ನೂರು ಖುತುಬಾ ಕೇಳಿದ ನಾವು ಇದರ ಮೇಲೆ ಒಂದನ್ನೂ ಕೇಳಿಲ್ಲ. ಕೊಟ್ಟೂ ಇಲ್ಲ.

ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ಪಾಠ ತಲೆಗೆ ಹತ್ತದ ಮಕ್ಕಳನ್ನು ಕಲಿಸುವವರಾದ ನಾವು ದಡ್ಡರೆಂದೆವು, ಕಿವಿ ಹಿಂಡಿದೆವು, ನಝರ್ ತಾಗಿದೆ ಎಂದು ನೀರು ಊದಿಸಿಕೊಂಡು ಬರಲು ಹೇಳಿದೆವು. ಹಿಂದುಳಿದ ಮಕ್ಕಳೆಲ್ಲ ಸೀಸ ತಿಂದವರೇ ಎಂದಲ್ಲ. ಅದಕ್ಕೆ ಕಾರಣಗಳು ಹಲವು. ಆದರೆ ರಕ್ತಪರೀಕ್ಷೆ ಮಾಡಿಸಿ ಎಂಬ ಮಾತು ಒಮ್ಮೆಯೂ ನಮ್ಮ ಬಾಯಿಂದ ಬರಲಿಲ್ಲ.

ನಮ್ಮ ಹಿರಿಯರು ಅರಸಿನ ತಿಂದೇ ತೊಂಬತ್ತು ವರ್ಷ ಬಾಳಿದರಲ್ಲ ಎನ್ನುವವರಿದ್ದಾರೆ. ಹಿರಿಯರು ತಿಂದದ್ದು ಹಿತ್ತಿಲ ಅರಸಿನ, ಬಣ್ಣ ಬಳಿದದ್ದಲ್ಲ. ಎಲ್ಲವೂ ತಕ್‌ದೀರ್ ಎನ್ನುವವರೂ ಇದ್ದಾರೆ. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯನ್ನು ಕಂಡು ತಕ್‌ದೀರ್ ಎಂದು ಮುನ್ನಡೆಯಲಿಲ್ಲ. ರಾಶಿಯೊಳಗೆ ಕೈಯಿಳಿಸಿದರು, ಬೆರಳಿಗೆ ತೇವ ತಾಗಿದಾಗ ವ್ಯಾಪಾರಿಯನ್ನು ಅಲ್ಲೇ ಪ್ರಶ್ನಿಸಿದರು. ಮಳೆಗೆ ನೆನೆದ ಧಾನ್ಯವನ್ನು ಅಡಿಯಲ್ಲಿಟ್ಟುದಕ್ಕೇ ಅಷ್ಟು ಕಠಿಣವಾದ ಎಚ್ಚರಿಕೆ ಕೊಟ್ಟವರು, ವಿಷ ಬಳಿದವನಿಗೆ ಏನೆನ್ನುತ್ತಿದ್ದರು?

ಬಾಂಗ್ಲಾದೇಶದವರು ಸುಮ್ಮನೆ ಕೂರಲಿಲ್ಲ. 2019ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಮಾರುಕಟ್ಟೆಗೆ ದಾಳಿಯಿಟ್ಟಿತು, ಸಗಟು ವ್ಯಾಪಾರಿಗಳಿಗೆ ದಂಡ ವಿಧಿಸಿತು, ಊರೂರಿನ ಮಾರುಕಟ್ಟೆಗಳಲ್ಲಿ ಎಚ್ಚರಿಕೆಯ ಭಿತ್ತಿಪತ್ರ ಹಚ್ಚಿಸಿತು. ಆ ವರ್ಷ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಸೀಸವಿತ್ತು. 2021ರಲ್ಲಿ ಒಂದರಲ್ಲೂ ಇರಲಿಲ್ಲ.

ಇದು ನೆರೆಮನೆಯ ಕತೆಯಲ್ಲ. ನಮ್ಮ ದೇಶದಲ್ಲಿ ಅರಸಿನದಲ್ಲಿ ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮವಿದೆ. ಪಟ್ನಾದಿಂದ ತಂದ ಮಾದರಿಗಳಲ್ಲಿ ಅದು 1,000ವನ್ನು ಮೀರಿದ್ದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಯಿತು. ಭಾರತದಲ್ಲಿ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಎಚ್ಚರಿಕೆಯ ಮಟ್ಟವನ್ನು ದಾಟಿದೆಯೆಂದು 2020ರಲ್ಲಿ ಯುನಿಸೆಫ್ ಅಂದಾಜಿಸಿತ್ತು. ಅದರ ಮೂಲ ಅರಸಿನವೊಂದೇ ಅಲ್ಲ. ಹಳೆಯ ಬ್ಯಾಟರಿ ಕರಗಿಸುವ ಗುಡಾರಗಳಿವೆ, ಗೋಡೆಯ ಬಣ್ಣವಿದೆ. ಹಸುಗೂಸಿನ ಕಣ್ಣಿಗೆ ನಾವು ಸುನ್ನತ್ತೆಂದು ಹಚ್ಚುವ ಸುರ್ಮಾದಲ್ಲೂ ಬಹಳಷ್ಟು ಸೀಸದ ಅದಿರನ್ನು ಅರೆದು ಮಾಡಿದವೇ ಇವೆ. ಈ ಮಾತಿಗೆ ಕೆಲವರು ಮುನಿಯಬಹುದು, ಮುನಿಯಲಿ.

ಕಣ್ಣು ಕುಕ್ಕುವ ಹಳದಿಯ ಕೊಂಬನ್ನು ಕೊಳ್ಳಬಾರದು. ಮಂಕಾದ, ಸಿಪ್ಪೆಯುಳ್ಳ ಕೊಂಬನ್ನು ತಂದು ಮನೆಯಲ್ಲೇ ಪುಡಿ ಮಾಡುವುದು ಮೇಲು. ಕಬ್ಬಿಣ ಮತ್ತು ಸುಣ್ಣದಂಶ ಕೊರತೆಯಿರುವ ಮಗುವಿನ ದೇಹ ಸೀಸವನ್ನು ಇನ್ನೂ ಹೆಚ್ಚು ಹೀರುವುದರಿಂದ ಬಡವರ ಮನೆಯ ಮಗುವಿಗೆ ಹಾಲು, ಸೊಪ್ಪು, ಕಾಳು ಸಿಗುವಂತೆ ಝಕಾತ್ ಸಮಿತಿಗಳು ನೋಡಿಕೊಳ್ಳಲಿ. ರಮಝಾನಿನ ಇಫ್ತಾರ್‌ಗೆ ಮೂಟೆಗಟ್ಟಲೆ ಮಸಾಲೆ ಕೊಳ್ಳುವ ಮಸೀದಿ ಸಮಿತಿಗಳು ವ್ಯಾಪಾರಿಯಿಂದ ಪ್ರಯೋಗಾಲಯದ ವರದಿಯನ್ನು ಕೇಳಿ ಪಡೆಯಲಿ. ಆ ವ್ಯಾಪಾರಿ ನಮ್ಮ ಸಫ್‌ನಲ್ಲೇ ನಿಲ್ಲುವವನಾಗಿದ್ದರೆ ಇನ್ನೂ ಗಟ್ಟಿಯಾಗಿ ಕೇಳಲಿ.