ಮಾವನಿಗೆ ಜಾಗವೆಲ್ಲಿ?

ಮುಂಬಯಿಯ ತುಳು-ಕನ್ನಡಿಗರ ಮದುವೆಯ ಕರೆಯೋಲೆಗಳಲ್ಲಿ ಸೋದರಮಾವನ ಹೆಸರು ಇಂದಿಗೂ ಅಚ್ಚಾಗುವುದುಂಟು. ಆದರೆ ಆ ಮಾವ ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳಿದರೆ ಅಳಿಯಂದಿರಲ್ಲಿ ಹಲವರು ತಡವರಿಸುತ್ತಾರೆ. ಇದನ್ನು ಕೃತಘ್ನತೆಯೆಂದು ಜರೆದು ಸುಮ್ಮನಾಗುವುದು ಸುಲಭ. ನನಗೆ ಇದರ ಬೇರು ಬೇರೆಡೆ ಇದೆಯೆನಿಸುತ್ತದೆ.

ಅಳಿಯಕಟ್ಟಿನ ಮನೆಯಲ್ಲಿ ವಂಶ ಸಾಗುತ್ತಿದ್ದುದು ತಾಯಿಯಿಂದ. ತಾಯಿ, ಆಕೆಯ ಒಡಹುಟ್ಟಿದವರು, ಮಕ್ಕಳು, ಹೆಣ್ಣುಮಕ್ಕಳ ಸಂತಾನ: ಇಷ್ಟು ಸೇರಿ ಕುಟುಂಬ. ಭೂತಾಳ ಪಾಂಡ್ಯನ ಐತಿಹ್ಯದಲ್ಲಿ ಅರಸನ ಮಡದಿ ತನ್ನ ಮಗನನ್ನು ಬಲಿಗೊಪ್ಪಿಸಲು ನಿರಾಕರಿಸಿದಾಗ, ಸೋದರಿ ತನ್ನ ಮಗನನ್ನು ಕೊಡಲು ಮುಂದಾಗುತ್ತಾಳೆ. ಕತೆಯ ಚಾರಿತ್ರಿಕತೆ ಹೇಗೇ ಇರಲಿ, ಮಾವ-ಅಳಿಯರ ನಡುವಣ ಋಣವನ್ನು ಅದು ಸರಿಯಾಗಿಯೇ ಗುರುತಿಸಿದೆ. ಮಕ್ಕಳನ್ನು ಗದರುವವನೂ ಮಾವ, ಶಾಲೆಗೆ ಸೇರಿಸುವವನೂ ಮಾವ. ತುಳುವಿನಲ್ಲಿ ‘ತಮ್ಮಲೆ’ ಎಂದೊಡನೆ ದನಿ ತಗ್ಗುತ್ತಿದ್ದುದು ಸುಮ್ಮನಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಅವಿಭಕ್ತ ಕುಟುಂಬದ ವಿಭಜನೆಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಗಂಡಸಿನ ಪಾಲಿಗೆ ಆತನ ಹೆಂಡತಿ-ಮಕ್ಕಳು ವಾರಸುದಾರರಾದರು. ಅಲ್ಲಿಗೆ ಮಾವ-ಅಳಿಯರ ನಂಟೂ ಮುಗಿಯಬೇಕಿತ್ತು. ಮುಗಿಯಲಿಲ್ಲ! ಅದಾದ ಎಷ್ಟೋ ವರ್ಷಗಳವರೆಗೆ ಹೊಟೇಲಿನ ಕೆಲಸದಲ್ಲಿದ್ದ ಮಾವಂದಿರು ಊರಿನಿಂದ ಅಳಿಯಂದಿರನ್ನು ಕರೆಸಿಕೊಳ್ಳುತ್ತಲೇ ಇದ್ದರು. ಹಗಲು ತಟ್ಟೆ ಎತ್ತುವ ಕೆಲಸ, ಸಂಜೆ ಕೋಟೆಯ ಕನ್ನಡ ರಾತ್ರಿಶಾಲೆ, ರಾತ್ರಿ ಹತ್ತು ಮಂದಿಯ ನಡುವೆ ಒಂದು ಚಾಪೆ. ಊರಿನ ಮೂಲಮನೆ ಒಡೆಯುತ್ತಿದ್ದಾಗ ಅದರ ಪಡಿಯಚ್ಚೊಂದು ಮುಂಬಯಿಯ ಖೋಲಿಯಲ್ಲಿ ಬದುಕಿಕೊಂಡಿತ್ತೆನ್ನಬಹುದು. ಆಸ್ತಿ ಕಡಿದ ಸಂಬಂಧವನ್ನು ಒಟ್ಟಾಗಿ ಉಂಡು ಮಲಗುವ ಬಾಳು ಹಿಡಿದಿಟ್ಟಿತ್ತು.

ಅದನ್ನು ಕೊನೆಗೆ ಸಡಿಲಿಸಿದ್ದು ಕಾನೂನಲ್ಲ, ಉಪನಗರದ ಫ್ಲ್ಯಾಟು. ಅಳಿಯ ಬ್ಯಾಂಕಿಗೆ ಸೇರಿದ, ಮದುವೆಯಾದ, ಕಂತಿನ ಮೇಲೆ ಮನೆ ಕೊಂಡ. ಆ ಮನೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ಐದನೆಯವರು ಬಂದರೆ ಅತಿಥಿಗಳೇ. ಅಲ್ಲಿ ಬೆಳೆದ ಮಕ್ಕಳಿಗೆ ತಂದೆಯ ಮಾವ ಒಬ್ಬ ‘ಅಂಕಲ್’. ಪಕ್ಕದ ಮನೆಯ ಗುಜರಾತಿಯೂ ಅವರಿಗೆ ‘ಅಂಕಲ್’ ತಾನೆ?

ಹಳೆಯ ಕಟ್ಟು ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಯಜಮಾನನ ದರ್ಪವಿತ್ತು. ಹೆಣ್ಣಿನ ಹೆಸರಿನಲ್ಲಿ ವಂಶ ನಡೆದರೂ ಬೀಗದಕೈ ಹಲವೆಡೆ ಗಂಡಸಿನ ಸೊಂಟದಲ್ಲಿಯೇ ಇರುತ್ತಿತ್ತು. ದುಡಿದದ್ದನ್ನೆಲ್ಲ ಅಕ್ಕತಂಗಿಯರ ಮನೆಗೆ ಸುರಿದವನ ಹೆಂಡತಿ-ಮಕ್ಕಳು ಬರಿಗೈಯಲ್ಲಿ ನಿಂತದ್ದೂ ಉಂಟು. ಅವರಿಗೆ ಹಕ್ಕು ದೊರೆತದ್ದು ನ್ಯಾಯವೇ.

ಆದರೆ ಲೆಕ್ಕವೊಂದು ಬಾಕಿ ಉಳಿದಿದೆ. ಹಳೆಯ ನಿಯಮದಂತೆ ಕೊಟ್ಟು, ಹೊಸ ನಿಯಮ ಬಂದಮೇಲೆ ಮುದುಕರಾದವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರು ಮದುವೆಯನ್ನೇ ಆಗಲಿಲ್ಲ. ಅಳಿಯಂದಿರ ಓದು, ಸೊಸೆಯಂದಿರ ಮದುವೆ ಎಂದು ಕಾಲ ಕಳೆದು, ಈಗ ಚಾಳಿನ ಕೋಣೆಯಲ್ಲಿ ಡಬ್ಬಿಯ ಊಟಕ್ಕೆ ಕಾಯುತ್ತಾರೆ. ವಾರ್ಷಿಕೋತ್ಸವದಂದು ಅವರಿಗೊಂದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರೆ ಈ ಲೆಕ್ಕ ಚುಕ್ತಾ ಆಗುವುದಿಲ್ಲ. ಬುಟ್ಟಿ ಹೊತ್ತು ಮೂರು ಮಹಡಿ ಹತ್ತಬೇಕಾದವರೂ ಅವರೇ!

ನಮ್ಮ ಸಂಘದ ಸದಸ್ಯತ್ವದ ಅರ್ಜಿಯಲ್ಲಿ ‘ಕುಟುಂಬದ ಸದಸ್ಯರು’ ಎಂಬಲ್ಲಿ ಪತಿ, ಪತ್ನಿ, ಮಕ್ಕಳೆಂದು ಮೂರೇ ಸಾಲುಗಳಿವೆ. ಮುಂದಿನ ಮುದ್ರಣದಲ್ಲಿ ಸೋದರಮಾವನ ಹೆಸರು, ವಿಳಾಸಗಳಿಗೆ ನಾಲ್ಕನೆಯ ಸಾಲೊಂದನ್ನು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.