ಒಂದು ಅಗುಳು ಸಾಲದು

ಕಳೆದ ತಿಂಗಳು ನಮ್ಮ ಬಡಾವಣೆಯ ಮಹಿಳಾ ಸಮಾಜದವರು ನನ್ನನ್ನು ಮಾತಿಗೆ ಕರೆದಿದ್ದರು. ಉಳಿದ ಅನ್ನವನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ತೆಗೆದು ಬಿಸಿ ಮಾಡಿ ಉಣ್ಣುವುದು ಹೇಗೆ ಎಂಬುದು ವಿಷಯ. ನಾನು ಮಾತಾಡಿದ್ದು ಅರ್ಧ ಗಂಟೆ. ಆಕ್ಷೇಪಣೆಗಳು ನಡೆದದ್ದು ಒಂದೂವರೆ ಗಂಟೆ. ಅಂದು ಸಮಯ ಸಾಲದೆ ಎಷ್ಟೋ ಮಾತಿಗೆ ಉತ್ತರ ಕೊಡಲಾಗಲಿಲ್ಲ. ಆಕ್ಷೇಪ ಎತ್ತಿದವರಲ್ಲಿ ಹೆಚ್ಚಿನವರು ನನಗಿಂತ ಇಪ್ಪತ್ತು ವರ್ಷ ಮೊದಲೇ ಸೌಟು ಹಿಡಿದವರು. ಅವರ ಅನುಭವಕ್ಕೆ ನನ್ನ ಗೌರವವಿದೆ. ಆದರೆ ಅಂದು ಕೇಳಿಬಂದ ಕೆಲವು ನಂಬಿಕೆಗಳು ಮನೆಮಂದಿಯನ್ನೆಲ್ಲ ಮಲಗಿಸಬಲ್ಲಂಥವು. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುತ್ತಿದ್ದೇನೆ.

ನನ್ನ ವಾದ ಇಷ್ಟೇ. ಅನ್ನ ಅಪಾಯಕಾರಿಯಾಗುವುದು ಒಲೆಯಿಂದ ಇಳಿದ ಮೇಲೆ ತಂಪಿಗೆ ಸೇರುವವರೆಗಿನ ಗಂಟೆಗಳಲ್ಲಿ. ಆ ಹೊತ್ತನ್ನು ಕಾಯ್ದುಕೊಂಡವರು ಫ್ರೀಜರ್ ಅನ್ನವನ್ನು ನಿಶ್ಚಿಂತೆಯಿಂದ ಉಣ್ಣಬಹುದು. ಅದನ್ನು ಕೈಬಿಟ್ಟವರಿಗೆ ಆಮೇಲೆ ಫ್ರೀಜರೂ ನೆರವಾಗದು, ಉರಿಯೂ ನೆರವಾಗದು.

1. “ನಮ್ಮಜ್ಜಿ ರಾತ್ರಿ ಅನ್ನವನ್ನು ಹೊರಗೇ ಇಡುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ.”

ಅಜ್ಜಿ ಇಡುತ್ತಿದ್ದರು, ನಿಜ. ಹೇಗೆ ಇಡುತ್ತಿದ್ದರು ಎಂಬುದನ್ನು ನಾವು ಮರೆತಿದ್ದೇವೆ. ಉಳಿದ ಅನ್ನಕ್ಕೆ ಮುಳುಗುವಷ್ಟು ನೀರು ಹುಯ್ದು, ಮಣ್ಣಿನ ಗಡಿಗೆಯಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಈರುಳ್ಳಿ, ಹಸಿಮೆಣಸಿನಕಾಯಿ ನಂಚಿಕೊಂಡು ಉಣ್ಣುವ ತಂಗಳನ್ನ ಅದು. ಒಡಿಶಾದ ಪಖಾಳ, ಬಂಗಾಳದ ಪಾಂತಾ ಭಾತ್, ತಮಿಳರ ಪಳಯ ಸೋರು ಎಲ್ಲವೂ ಇದೇ ಬಳಗದವು. ನೀರಿನಲ್ಲಿ ಮುಳುಗಿದ ಅನ್ನದಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಬೆಳೆದು ಹುಳಿ ಏರಿಸುತ್ತವೆ. ಹುಳಿ ಏರಿದಂತೆ ಕೆಡಿಸುವ ಜೀವಿಗಳಿಗೆ ಬೆಳೆಯುವುದು ಕಷ್ಟವಾಗುತ್ತದೆ.

ಇಂದು ನಾವು ಮಾಡುವುದು ಬೇರೆ. ಕುಕ್ಕರ್‌ನಲ್ಲಿ ಬೇಯಿಸಿದ ಅನ್ನ ನೀರಿಲ್ಲದೆ, ಹುಳಿಯಿಲ್ಲದೆ, ಮುಚ್ಚಳದಡಿಯ ಹಬೆಯಲ್ಲೇ ಕಟ್ಟೆಯ ಮೇಲೆ ರಾತ್ರಿ ಕಳೆಯುತ್ತದೆ. ಮುದ್ದೆಯಾಗಿ ಕೂತ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಜ್ಜಿಯ ಗಡಿಗೆಯನ್ನು ಈ ಕುಕ್ಕರಿಗೆ ಸಾಕ್ಷಿಯಾಗಿ ಕರೆಯುವುದು ಅಜ್ಜಿಗೇ ಮಾಡುವ ಅನ್ಯಾಯ.

2. “ಬೆಳಿಗ್ಗೆ ಚೆನ್ನಾಗಿ ಹುರಿದು ಒಗ್ಗರಣೆ ಹಾಕಿದರೆ ಕ್ರಿಮಿಯೆಲ್ಲ ಸಾಯುತ್ತದೆ.”

ಅಂದು ಸಭೆಯಲ್ಲಿ ಅತಿ ಹೆಚ್ಚು ತಲೆಗಳು ಅಲ್ಲಾಡಿದ್ದು ಈ ಮಾತಿಗೆ. ಅತಿ ಹೆಚ್ಚು ಅಪಾಯವಿರುವುದೂ ಇದರಲ್ಲೇ.

ಅಕ್ಕಿಯ ಜೊತೆ ಹೊಲದ ಮಣ್ಣಿನಿಂದ ಬರುವ ಒಂದು ಬ್ಯಾಕ್ಟೀರಿಯಾ ಇದೆ. ಹೆಸರು ಬ್ಯಾಸಿಲಸ್ ಸೀರಿಯಸ್. ಕಷ್ಟಕಾಲದಲ್ಲಿ ಅದು ಗಟ್ಟಿ ಚಿಪ್ಪಿನ ಬೀಜಾಣುವಾಗಿ ಕೂರುತ್ತದೆ. ಅಕ್ಕಿಯನ್ನು ಎಷ್ಟು ತೊಳೆದರೂ, ಕುದಿವ ನೀರಿನಲ್ಲಿ ಬೇಯಿಸಿದರೂ ಕೆಲವು ಬೀಜಾಣುಗಳು ಉಳಿದೇ ಉಳಿಯುತ್ತವೆ. ಅನ್ನ ಉಗುರುಬೆಚ್ಚಗಾದಾಗ ಅವು ಮೊಳೆತು ಮರಿ ಹಾಕತೊಡಗುತ್ತವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನದು ಅಪಾಯದ ವಲಯ. ನಮ್ಮ ಅಡುಗೆಮನೆಯ ಬಿಸಿ ಇದರ ನಟ್ಟನಡುವೆ ಬರುತ್ತದೆ. ಗಂಟೆಗೊಮ್ಮೆ ಮಾತ್ರ ದುಪ್ಪಟ್ಟಾಗುತ್ತವೆ ಎಂದುಕೊಂಡರೂ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರೊಳಗೆ ಒಂದಿದ್ದದ್ದು ಸಾವಿರ ದಾಟಿರುತ್ತದೆ.

ಬೆಳೆಯುವಾಗ ಇವುಗಳಲ್ಲಿ ಕೆಲವು ತಳಿಗಳು ಸೆರಿಯುಲೈಡ್ ಎಂಬ ವಿಷವನ್ನು ಅನ್ನದಲ್ಲಿ ಬಿಡುತ್ತವೆ. ಬಾಣಲೆಯ ಬಿಸಿಗೆ ಬ್ಯಾಕ್ಟೀರಿಯಾ ಸಾಯಬಹುದು. ಈ ವಿಷ ಅಳಿಯುವುದಿಲ್ಲ. ಪ್ರೆಶರ್ ಕುಕ್ಕರ್‌ನ 120 ಡಿಗ್ರಿ ಬಿಸಿಯನ್ನೂ ಅದು ತಾಳಿಕೊಳ್ಳುತ್ತದೆ. ಇದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ಇದು ಬೆಳಕಿಗೆ ಬಂದ ಬಗೆಯೂ ನಮಗೆ ಪಾಠವಾಗಬೇಕು. 1970ರ ದಶಕದ ಮೊದಲಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ಮೇಲಿಂದ ಮೇಲೆ ವಾಂತಿಯಾಗತೊಡಗಿತು. ಹುಡುಕಿದಾಗ ತಪ್ಪು ಸಿಕ್ಕಿದ್ದು ಹಿಂದಿನ ದಿನದ ಅನ್ನದಲ್ಲಿ. ಒಟ್ಟಿಗೆ ಬಹಳ ಅನ್ನ ಬೇಯಿಸಿ, ಫ್ರಿಜ್‌ನಲ್ಲಿಟ್ಟರೆ ಗಂಟುಕಟ್ಟುತ್ತದೆಂದು ಹೊರಗೇ ಬಿಟ್ಟು, ಬೇಕಾದಾಗ ಬಾಣಲೆಯಲ್ಲಿ ಹುರಿದು ಬಡಿಸುತ್ತಿದ್ದರು. ನಮ್ಮ ಬೆಳಗಿನ ಚಿತ್ರಾನ್ನದ ದಾರಿಯೂ ಇದೇ ಅಲ್ಲವೆ?

ಆ ದಾರಿಯಲ್ಲಿ ನಾನೂ ನಡೆದಿದ್ದೇನೆ. ಮನೆಯಲ್ಲೊಂದು ನಾಮಕರಣದ ಮರುದಿನ, ದೊಡ್ಡ ಪಾತ್ರೆಯಲ್ಲಿ ರಾತ್ರಿಯಿಡೀ ಮುಚ್ಚಿಟ್ಟ ಅನ್ನಕ್ಕೆ ನಾನೇ ಒಗ್ಗರಣೆ ಹಾಕಿದೆ. ಅನ್ನ ಉದುರುದುರಾಗಿತ್ತು, ಕಮಟು ವಾಸನೆ ಇರಲಿಲ್ಲ. ಕಡಲೆಬೀಜ ಚಟಪಟ ಅಂದಿತ್ತು. ನಾಲ್ಕು ನಿಂಬೆಹಣ್ಣು ಹಿಂಡಿದ್ದೆ. ಹತ್ತೂವರೆಯ ಹೊತ್ತಿಗೆ ಒಂಬತ್ತು ವರ್ಷದ ಹುಡುಗನೂ ಸೇರಿ ನಾಲ್ವರು ಬಚ್ಚಲುಮನೆಯ ಬಾಗಿಲಲ್ಲಿದ್ದರು. ಮನೆಯವರೆಲ್ಲ ಎಣ್ಣೆಯ ಮೇಲೆ, ಕಡಲೆಬೀಜದ ಮೇಲೆ ಅನುಮಾನಪಟ್ಟರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಅನ್ನ ಯಾವಾಗಿನದು?” ಸಂಜೆಗೆ ಎಲ್ಲರೂ ಚೇತರಿಸಿಕೊಂಡರು. ಬಿಳುಚಿದ ತುಟಿಯ ಆ ಹುಡುಗ ಗೋಡೆ ಹಿಡಿದು ನಿಂತದ್ದು ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ. ರಾತ್ರಿಯೇ ಹುಳಿ ಬೆರೆಸಿದ್ದರೆ ಬ್ಯಾಕ್ಟೀರಿಯಾದ ಬೆಳವಣಿಗೆಗೆ ಸ್ವಲ್ಪವಾದರೂ ತಡೆಯಾಗುತ್ತಿತ್ತು. ವಿಷ ಹುಟ್ಟಿದ ಮೇಲೆ ಹಿಂಡಿದ ನಿಂಬೆ ರುಚಿಗೆ ಮಾತ್ರ.

“ವಾಂತಿ ತಾನೆ, ಒಂದು ದಿನದಲ್ಲಿ ಸರಿಹೋಗುತ್ತದೆ” ಎಂದವರೂ ಇದ್ದರು. ಹೆಚ್ಚಿನವರಿಗೆ ಹೋಗುತ್ತದೆ. ಆದರೆ 2008ರಲ್ಲಿ ಬೆಲ್ಜಿಯಂನಲ್ಲಿ, ಐದು ದಿನ ಹೊರಗಿದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದ 20 ವರ್ಷದ ಆರೋಗ್ಯವಂತ ತರುಣನೊಬ್ಬ ಇದೇ ಬ್ಯಾಕ್ಟೀರಿಯಾದಿಂದ ತೀರಿಕೊಂಡದ್ದು ವೈದ್ಯಕೀಯ ದಾಖಲೆಯಲ್ಲಿದೆ. ಅಂಥದು ಬಹಳ ಅಪರೂಪ. ಆದರೂ ಎಳೆಮಕ್ಕಳು, ವಯಸ್ಸಾದವರು, ಬಸುರಿಯರು ಇರುವ ಮನೆಯಲ್ಲಿ “ವಾಂತಿ ತಾನೆ” ಎನ್ನಲು ನನಗೆ ಬಾಯಿ ಬರುವುದಿಲ್ಲ.

3. “ಬಿಸಿ ಅನ್ನ ಫ್ರಿಜ್‌ಗೆ ಇಡಬಾರದು. ಪೂರ್ತಿ ಆರಿದ ಮೇಲೇ ಇಡಬೇಕು.”

ಅರ್ಧ ಸತ್ಯ. ಕುದಿಬಿಸಿಯ ದೊಡ್ಡ ಪಾತ್ರೆಯನ್ನು ಹಾಗೇ ಒಳಗೆ ತಳ್ಳಿದರೆ ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ. ಅನ್ನದ ನಡುಭಾಗವೂ ಬೇಗ ತಣಿಯುವುದಿಲ್ಲ. ಆದರೆ ಅದಕ್ಕೆ ಪರಿಹಾರ ನಾಲ್ಕು ಗಂಟೆ ಕಾಯುವುದಲ್ಲ. ಅನ್ನವನ್ನು ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಫ್ಯಾನಿನಡಿ ಇಡಿ. ಮದುವೆ ಮನೆಯ ಅಡುಗೆಯವರು ಪುಳಿಯೋಗರೆಗೆ ಅನ್ನ ಆರಹಾಕುವುದನ್ನು ನೋಡಿಲ್ಲವೆ? ಹಾಗೇ. ಇಪ್ಪತ್ತು, ಮೂವತ್ತು ನಿಮಿಷದಲ್ಲಿ ಹಬೆ ಅಡಗುತ್ತದೆ. ಆಮೇಲೆ ಒಬ್ಬರ ಊಟಕ್ಕಾಗುವಷ್ಟನ್ನು ಒಂದೊಂದು ಚೀಲಕ್ಕೆ ತುಂಬಿ, ಒಂದು ಅಂಗುಲಕ್ಕಿಂತ ದಪ್ಪವಾಗದಂತೆ ತಟ್ಟಿ, ಗಾಳಿ ತೆಗೆದು, ತಾರೀಖು ಬರೆದು ಫ್ರೀಜರ್‌ಗೆ ಇಡಿ.

ಬ್ರಿಟನ್ನಿನ ಆಹಾರ ಸುರಕ್ಷತೆಯ ಇಲಾಖೆ ಅನ್ನಕ್ಕೆ ಕೊಡುವ ಗಡುವು ಒಂದು ಗಂಟೆ. ಅಮೆರಿಕದವರು ಬೆಂದ ಆಹಾರಕ್ಕೆಲ್ಲ ಎರಡು ಗಂಟೆ ಎನ್ನುತ್ತಾರೆ. ಸೆಕೆ 32 ಡಿಗ್ರಿ ದಾಟಿದರೆ ಅವರದೂ ಒಂದೇ ಗಂಟೆ. ರಾಯಚೂರು, ಕಲಬುರಗಿ, ಮಂಗಳೂರಿನ ಬೇಸಿಗೆಯನ್ನು ನೆನೆದರೆ ನಮಗೆ ಒಂದು ಗಂಟೆಯೇ ಸರಿ.

4. “ಫ್ರೀಜರ್‌ನಲ್ಲಿ ಕ್ರಿಮಿಯೆಲ್ಲ ಸತ್ತಿರುತ್ತದೆ. ಬೆಳಿಗ್ಗೆ ತೆಗೆದು ಕಟ್ಟೆಯ ಮೇಲಿಟ್ಟರೆ ಮಧ್ಯಾಹ್ನಕ್ಕೆ ತಾನೇ ಕರಗುತ್ತದೆ.”

ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅಷ್ಟೆ. ಬೀಜಾಣು ನಿದ್ದೆಯಲ್ಲಿರುತ್ತದೆ, ಮೊದಲೇ ಹುಟ್ಟಿದ್ದ ವಿಷವೂ ಇದ್ದ ಹಾಗೇ ಇರುತ್ತದೆ. ಕಟ್ಟೆಯ ಮೇಲಿಟ್ಟ ಅನ್ನದ ಹೊರಪದರ ಮೊದಲು ಕರಗಿ, ಒಳಗಿನ ಮಂಜುಗಡ್ಡೆ ಕರಗುವಷ್ಟರಲ್ಲಿ ಬೆಚ್ಚಗಾಗಿಬಿಟ್ಟಿರುತ್ತದೆ. ರಾತ್ರಿ ಕಾಪಾಡಿಕೊಂಡದ್ದನ್ನು ಹಗಲು ಕಳೆದುಕೊಂಡಂತಾಯಿತು.

ಸರಿಯಾದ ದಾರಿ ಎರಡು. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ, ಮರುದಿನವೇ ಬಿಸಿ ಮಾಡಿ ಮುಗಿಸುವುದು. ಇಲ್ಲವೆ, ಕರಗಿಸದೆ ಗಡ್ಡೆಯನ್ನೇ ನೇರವಾಗಿ ಹಬೆಗೆ ಇಡುವುದು. ತೆಳ್ಳಗೆ ತಟ್ಟಿದ ಅನ್ನಕ್ಕೆ ಎರಡನೆಯದೇ ಸುಲಭ.

ಕರೆಂಟು ಹೋದರೆ? ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ತೆರೆದಾಗ ಅನ್ನದಲ್ಲಿ ಮಂಜಿನ ಹರಳು ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಮೆತ್ತಗಾಗಿ ಬೆಚ್ಚಗಿದ್ದರೆ ಎಸೆಯಿರಿ.

5. “ಮೇಲೆ ಹಬೆಯಾಡಿತು, ಕೈಗೆ ಬಿಸಿ ತಗುಲಿತು. ಇನ್ನೇನು ಬೇಕು?”

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬುದು ನಮ್ಮ ಗಾದೆ. ಮೊದಲ ಸಲ ಬೇಯಿಸುವಾಗ ಅದು ಸರಿ. ಕುದಿವ ನೀರು ಎಲ್ಲ ಅಗುಳುಗಳ ನಡುವೆಯೂ ಹರಿದಾಡುತ್ತಿರುತ್ತದೆ. ಮತ್ತೆ ಬಿಸಿ ಮಾಡುವಾಗ ಹರಿದಾಡುವ ನೀರಿಲ್ಲ. ಅಂಚಿನ ಅಗುಳು ನಾಲಗೆ ಸುಡುವಾಗ ನಡುವಿನದು ಮಂಜಿನಂತಿರಬಹುದು. ಇಲ್ಲಿ ಒಂದು ಅಗುಳು ಸಾಲದು.

ಮೈಕ್ರೋವೇವ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅದರ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ, ಮಂಜುಗಡ್ಡೆ ಹೀರುವುದು ಬಹಳ ಕಡಿಮೆ. ಹಾಗಾಗಿ ಮೊದಲು ಕರಗಿದ ಜಾಗವೇ ಮತ್ತೆ ಮತ್ತೆ ಕಾಯುತ್ತದೆ, ಪಕ್ಕದ್ದು ಗಡ್ಡೆಯಾಗೇ ಉಳಿಯುತ್ತದೆ. ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಅನ್ನ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಒಂದೂವರೆ ನಿಮಿಷ ಬಿಸಿ ಮಾಡಿ. ತೆಗೆದು ಫೋರ್ಕಿನಿಂದ ಗಂಟು ಒಡೆದು, ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವಿಗೆ ತನ್ನಿ. ಮತ್ತೆ ಬಿಸಿ ಮಾಡಿ, ಒಂದೆರಡು ನಿಮಿಷ ಮುಚ್ಚಿಯೇ ಬಿಡಿ.

“ನಮ್ಮನೆಯಲ್ಲಿ ಮೈಕ್ರೋವೇವ್ ಇಲ್ಲ” ಎಂದವರು ಕೊರಗಬೇಕಿಲ್ಲ, ಇಡ್ಲಿ ಪಾತ್ರೆ ಇದೆಯಲ್ಲ! ನೀರು ಕುದಿ ಬಂದ ಮೇಲೆ ಗಡ್ಡೆಯನ್ನು ತಟ್ಟೆಯಲ್ಲಿಟ್ಟು ಮುಚ್ಚಿ. ನಮ್ಮ ಮನೆಯಲ್ಲಿ ಐದು ನಿಮಿಷಕ್ಕೆ ಗಡ್ಡೆ ಸಡಿಲಾಗುತ್ತದೆ. ಆಗೊಮ್ಮೆ ಬಿಡಿಸಿ ಹರಡಿದರೆ ಹತ್ತು ಹನ್ನೆರಡು ನಿಮಿಷಕ್ಕೆ ನಡುವಿನಿಂದಲೂ ದಟ್ಟ ಹಬೆ ಏಳುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದವರು ನಡುಭಾಗ 74 ಡಿಗ್ರಿ ಮುಟ್ಟಿತೇ ನೋಡಲಿ. ಬಿಸಿ ಮಾಡುವುದು ಒಂದೇ ಸಲ; ಉಳಿದರೆ ಮತ್ತೆ ಒಳಗಿಡಬೇಡಿ. ಒಬ್ಬೊಬ್ಬರ ಊಟದಷ್ಟೇ ಕಟ್ಟಿಡಲು ಹೇಳಿದ್ದು ಇದಕ್ಕೇ.

6. “ಫ್ರೀಜರ್ ಅನ್ನ ಗಟ್ಟಿ, ಸಪ್ಪೆ.”

ಗಟ್ಟಿಯಾಗುವುದು ಫ್ರಿಜ್‌ನ ಅನ್ನ. ಬೆಂದಾಗ ನೀರು ಕುಡಿದು ಅರಳಿದ ಪಿಷ್ಟ, ತಣಿದಾಗ ಮತ್ತೆ ಒತ್ತಾಗಿ ಸಾಲುಗಟ್ಟುತ್ತದೆ. ಇದು ಅತಿ ಚುರುಕಾಗಿ ನಡೆಯುವುದು ಫ್ರಿಜ್‌ನ 4 ಡಿಗ್ರಿಯ ಆಸುಪಾಸಿನಲ್ಲಿ. ತೆಳ್ಳಗೆ ತಟ್ಟಿ ಬೇಗ ಹೆಪ್ಪುಗಟ್ಟಿಸಿದರೆ ಆ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ. ಚಿಮುಕಿಸಿದ ನೀರು ಮತ್ತು ಹಬೆ ಅಗುಳನ್ನು ಮತ್ತೆ ಮೆತ್ತಗಾಗಿಸುತ್ತವೆ. ಜಪಾನಿನ ಮನೆಗಳಲ್ಲಿ ಅನ್ನವನ್ನು ಊಟಕ್ಕಾಗುವಷ್ಟು ಸುತ್ತಿ ಫ್ರೀಜರ್‌ನಲ್ಲಿಡುವುದು ದಿನನಿತ್ಯದ ರೂಢಿ. ಅನ್ನದ ರುಚಿಯಲ್ಲಿ ಅವರೇನೂ ರಾಜಿಯಾಗುವವರಲ್ಲ. ಒಂದು ತಿಂಗಳೊಳಗೆ ಮುಗಿಸಿದರೆ ನಮ್ಮ ಸೋನಾ ಮಸೂರಿಯೂ ಸಾರಿಗೆ ಚೆನ್ನಾಗಿ ಹೊಂದುತ್ತದೆ.

7. “ಹಳೆಯ ಅನ್ನ ತಾಮಸ. ಹೊಸದಾಗಿ ಬೇಯಿಸಲು ಏನು ಕಷ್ಟ?”

ಭಗವದ್ಗೀತೆಯ 17ನೇ ಅಧ್ಯಾಯ ತಾಮಸ ಆಹಾರದ ಪಟ್ಟಿಯಲ್ಲಿ ಮೊದಲು ಹೇಳುವುದು ‘ಯಾತಯಾಮ’, ಅಂದರೆ ಒಂದು ಯಾಮ ಕಳೆದದ್ದು. ಯಾಮವೆಂದರೆ ಮೂರು ಗಂಟೆ. ಮಂಜುಪೆಟ್ಟಿಗೆಯೇ ಇಲ್ಲದ ಕಾಲದಲ್ಲಿ, ಬೆಂದ ಅನ್ನಕ್ಕೆ ಗಂಟೆಗಳ ಲೆಕ್ಕ ಇಟ್ಟವರು ನಮ್ಮ ಹಿರಿಯರು. ನಾನು ಹೇಳುತ್ತಿರುವುದೂ ಗಂಟೆಯ ಲೆಕ್ಕವನ್ನೇ. ಮಡಿ, ವ್ರತ ಇರುವವರು ಬಿಸಿ ಅನ್ನವನ್ನೇ ಉಣ್ಣಲಿ. ಅವರನ್ನು ಒಪ್ಪಿಸುವುದು ನನ್ನ ಕೆಲಸವಲ್ಲ.

ಆದರೆ “ಏನು ಕಷ್ಟ” ಎಂಬ ಮಾತನ್ನು ಒಪ್ಪಲಾರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಎಂಟಕ್ಕೆ ಮನೆ ಸೇರುವ ನರ್ಸ್‌ಗೆ ಕಷ್ಟ. ಮಕ್ಕಳು ದೂರದೂರಿನಲ್ಲಿದ್ದು, ಮಂಡಿನೋವಿನಲ್ಲಿ ಒಬ್ಬರಿಗಾಗಿ ಕುಕ್ಕರ್ ಇಡಲು ಬೇಸರವಾಗಿ ಬಿಸ್ಕತ್ತು ತಿಂದು ಮಲಗುವ ಹಿರಿಯರಿಗೆ ಕಷ್ಟ. ಅಂಥವರೇ ಬೆಳಗಿನ ಅನ್ನವನ್ನು ರಾತ್ರಿಯವರೆಗೂ ಹೊರಗಿಟ್ಟುಕೊಂಡು ಉಣ್ಣುವವರು. ಅವರ ಫ್ರೀಜರ್‌ನಲ್ಲಿ ತೆಳ್ಳಗಿನ ನಾಲ್ಕು ಅನ್ನದ ಪೊಟ್ಟಣಗಳಿದ್ದರೆ, ಹತ್ತು ನಿಮಿಷದಲ್ಲಿ ಬಿಸಿ ಊಟ ತಟ್ಟೆಗೆ ಬರುತ್ತದೆ.

ಸಭೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಕೈಹಿಡಿದು, “ನಿನ್ನ ಮಾತೆಲ್ಲ ನೆನಪಿರಲ್ಲಮ್ಮ, ಒಂದೇ ಒಂದು ಹೇಳು” ಎಂದಿದ್ದರು. ಅಂದು ನಾನು ತಡವರಿಸಿದೆ. ಈಗ ಹೇಳುತ್ತೇನೆ: ಊಟ ಮುಗಿದು ಕೈ ತೊಳೆದ ಕೂಡಲೇ, ತಟ್ಟೆ ಎತ್ತುವುದಕ್ಕೂ ಮೊದಲು, ಕುಕ್ಕರಿನ ಮುಚ್ಚಳ ತೆಗೆದು ಉಳಿದ ಅನ್ನವನ್ನು ಅಗಲ ತಟ್ಟೆಗೆ ಹರಡಿ. ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ಅದು ಆರಿರುತ್ತದೆ. ದೀಪ ಆರಿಸುವ ಮೊದಲು ಫ್ರೀಜರ್‌ಗೆ ಸೇರಿಸಿ.